ದೇವರ ಬಲ, ಹಡಗಿನ ಬಲ

ರವೀಂದ್ರನಗರ, ಶಿವಮೊಗ್ಗ
೧೪-೧೧-೨೦೨೪

ಚಿ. ಸೌ. ಜಯಶೀಲಾಳಿಗೆ ಅಕ್ಕನ ಆಶೀರ್ವಾದಗಳು.

ಬರೆಯುವುದು ಹನ್ನೆರಡು ದಿನ ತಡವಾಯಿತು. ನೀನು ಫೋನ್ ಎತ್ತಿದ್ದರೆ ಈ ಕಾಗದವೇ ಬೇಕಿರಲಿಲ್ಲ. ಅವ್ವ ಹೋದ ಮೇಲೆ ನಿನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ನಮ್ಮ ಮನೆತನದ ಯಾವ ಲಗ್ನಪತ್ರಿಕೆಯೂ ನಾನು ಓದದೆ ಅಚ್ಚಿಗೆ ಹೋಗಿಲ್ಲ. ತಪ್ಪು ಕಂಡರೆ ತಿದ್ದುತ್ತೇನೆ. ಇಷ್ಟು ವರ್ಷ ಅದು ಯಾರಿಗೂ ಚುಚ್ಚಿರಲಿಲ್ಲ.

ಭದ್ರಾವತಿಗೆ ಬಂದಾಗ ನಾನು ಮಾಡಿದ್ದಾದರೂ ಏನು? ಪಾರ್ಶ್ವವಾಯುವಿಗೆ ಬಲಗೈ ಬಿದ್ದ ಮೇಲೆ ಎಡಗೈ ಪಳಗಲಿ ಎಂದು ಡಾಕ್ಟರು ಹೇಳಿದ್ದಕ್ಕೆ ನಿನ್ನ ಯಜಮಾನರು ಪ್ರಸಾದರು ಆ ಪ್ಲಾಸ್ಟಿಕ್ ಹಡಗು ಜೋಡಿಸುತ್ತಿದ್ದರು. ಎಂಟು ತಿಂಗಳು, ಒಂದೇ ಕೈಯಲ್ಲಿ. ಅವರು ಮಧ್ಯಾಹ್ನ ಮಲಗಿದ್ದಾಗ ಜೊತೆಗಿದ್ದ ಚೀಟಿ ಓದಿದೆ. ಹಸಿರು ದೀಪ ಬಲಕ್ಕೆ, ಕೆಂಪು ಎಡಕ್ಕೆ ಎಂದಿತ್ತು. ಹಡಗು ನನ್ನತ್ತ ಮುಖ ಮಾಡಿ ನಿಂತಿತ್ತು. ಹಸಿರು ನನ್ನ ಎಡಕ್ಕಿತ್ತು. ಬ್ಲೇಡಿನಿಂದ ಎಬ್ಬಿಸಿ ಅದಲುಬದಲು ಮಾಡಿ ಅಂಟಿಸಿದೆ. ಏಣಿಯನ್ನೂ ಹಾಗೆಯೇ ಆ ಕಡೆಯಿಂದ ಈ ಕಡೆಗೆ ತಂದೆ.

ಎದ್ದವರು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ದೀಪಗಳನ್ನು ನೋಡಿ, "ಸರಿಯಾಯ್ತಲ್ಲ ಅಕ್ಕ, ನೀವೇ ತಗೊಂಡು ಹೋಗಿ" ಎಂದು ಹಡಗನ್ನು ನನ್ನ ಚೀಲದ ಪಕ್ಕ ಇಡಿಸಿದರು. ಅಂದಿನಿಂದ ಅವರು ಎಡಗೈಯಲ್ಲಿ ಚಮಚವನ್ನೂ ಹಿಡಿಯುತ್ತಿಲ್ಲ, ನೀನೇ ಉಣ್ಣಿಸುತ್ತಿದ್ದೀಯ ಎಂದು ನಿನ್ನ ಮಗಳು ಸ್ಪಂದನಾ ಫೋನ್ ಮಾಡಿ ಹೇಳಿದಳು. ತಪ್ಪು ತಿದ್ದಿದ್ದಕ್ಕೆ ಇಷ್ಟೆಲ್ಲ ರಂಪವೇ ಎಂದು ರೇಗಿದೆ.

"ದೊಡ್ಡಮ್ಮ, ದೇವರ ಬಲಕ್ಕೆ ತುಪ್ಪದ ದೀಪ ಇಡ್ತೀರಲ್ಲ, ಅದು ನಿಮಗೆ ಯಾವ ಕಡೆ ಬರುತ್ತೆ?" ಎಂದಳು. ಎಡಕ್ಕೆ ಎಂದೆ. "ಹಡಗಿಗೂ ಹಂಗೇನೇ. ಅಪ್ಪ ಸರಿಯಾಗೇ ಅಂಟಿಸಿದ್ರು."

ಐವತ್ತು ವರ್ಷದಿಂದ ದಿನವೂ ಆ ದೀಪ ಹಚ್ಚುವವಳಿಗೆ ಈ ಪಾಠ. ಚೀಟಿಯಲ್ಲಿ 'ಹಡಗಿನ ಬಲ' ಎಂದು ಬರೆಯಲು ಆ ಕಂಪನಿಯವರಿಗೆ ಏನು ಕೇಡು? ಇರಲಿ. ತಪ್ಪು ನನ್ನದು. ಇದನ್ನು ಅವರಿಗೆ ಓದಿ ಹೇಳು, ಒಂದೇ ಸಲ ಸಾಕು.

ದೀಪ, ಏಣಿ ಎಲ್ಲವನ್ನೂ ಮತ್ತೆ ಬಿಡಿಸಿ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿದ್ದೇನೆ. ಅಂಟಿಸಿಲ್ಲ. ಅದು ಅವರ ಕೈಯ ಕೆಲಸ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿಮ್ಮ ಮನೆಯನ್ನು ಕಾಯಲಿ.

ನಿನ್ನ ಅಕ್ಕ,
ಶಾಂತಮ್ಮ

ಮತ್ತೊಂದು ಮಾತು: ನಾನು ಬಿಡಿಸುವಾಗ ನಿನ್ನ ಭಾವ ಎದುರಿಗೇ ಕೂತಿದ್ದರು. ನೀವಾದರೂ ಒಂದು ಕೈ ಹಾಕಬಾರದೇ ಎಂದೆ. "ನಾನು ಕೈಬಿಟ್ಟು ಮೂವತ್ತು ವರ್ಷ ಆಯ್ತು ಮಾರಾಯ್ತಿ. ಪ್ರಸಾದನಾದ್ರೂ ಬಿಡದೇ ಇರ್ಲಿ" ಎಂದರು. ಏನನ್ನು ಕೈಬಿಟ್ಟಿರಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಹಡಗು, ಡಬ್ಬಿ, ಒಂದು ವಾರದ ಬಟ್ಟೆ ಕೊಟ್ಟು ಅವರನ್ನೇ ಭದ್ರಾವತಿ ಬಸ್ಸು ಹತ್ತಿಸಿ ಬಂದೆ. ಹೇಗೆ ಅಂಟಿಸಬೇಕೆಂದು ಒಂದು ಮಾತೂ ಹೇಳಿ ಕಳಿಸಿಲ್ಲ.