ಸೈಕಲ್ ಟ್ಯೂಬಿನ ಎರಡು ಪಟ್ಟಿ

ಲೋ ತಿಯೆನ್,

ನನಗೆ ಬರೆಯುವುದೆಂದರೆ ಆಗದೆಂದು ಗೊತ್ತಿದ್ದೂ ನಿಮ್ಮಮ್ಮ ಕೈಗೆ ಪೆನ್ನು ತುರುಕಿದ್ದಾಳೆ. ಬರೆದು, ತೀರಿಕೊಂಡ ಹಿರಿಯರ ಪೂಜಾಪೀಠದ ಮುಂದೆ ಸುಟ್ಟರೆ ನಿನಗೆ ತಲುಪುತ್ತದಂತೆ. ಸುಡುವುದು ಸತ್ತವರಿಗೆ. ಹೆಲಿಕಾಪ್ಟರ್ ವಾಲಿದಾಗ ನೀನು ಬಾಗಿಲಿಂದ ಮೆಕಾಂಗ್ ನದಿಯ ಜೌಗಿಗೆ ಬಿದ್ದೆ, ಇನ್ನೂ ಸಿಕ್ಕಿಲ್ಲ ಎಂದಷ್ಟೇ ಸೈನ್ಯದವರು ಹೇಳಿದ್ದಾರೆ. ನಾನು ಸುಡುವುದಿಲ್ಲ.

ಇವತ್ತು ನಿನ್ನ ಜೊತೆಗಾರ ಲಾಮ್ ನಮ್ಮ ಸೈಕಲ್ ಅಂಗಡಿಗೆ ಬಂದ. ನಿನ್ನ ಸುದ್ದಿ ತಂದನೆಂದು ಎದ್ದು ನಿಂತೆ.

“ದೊಡ್ಡಪ್ಪ, ಟ್ಯೂಬಿಂದು ಒಂದು ಪಟ್ಟಿ ಬೇಕಿತ್ತು. ಹೆಲಿಕಾಪ್ಟರ್ ಬಾಗಿಲಲ್ಲಿ ಮೆಷಿನ್ ಗನ್ ನೇತುಹಾಕೋಕೆ ತಿಯೆನ್‌ಗೆ ಕೊಯ್ದು ಕೊಟ್ಟಿದ್ರಲ್ಲ, ಅಂಥದೇ.”

“ಯಾಕೋ, ಸರ್ಕಾರ ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿಲ್ವಾ?”

“ಅದು ಬೇಕಾದ ಕಡೆ ತಿರುಗಲ್ಲ. ನಿಮ್ಮ ರಬ್ಬರೇ ವಾಸಿ ಅಂತಾರೆ ಎಲ್ರೂ.”

“ಯಾರಿಗೆ ಈಗ?”

“ಹೊಸಬ ಬಂದಿದಾನೆ. ತಿಯೆನ್ ಜಾಗಕ್ಕೆ.”

“ಆ ಜಾಗ ಖಾಲಿ ಅಂತ ನಿಂಗೆ ಹೇಳಿದ್ಯಾವನೋ?”

ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ತಗ್ಗಿಸಿಕೊಂಡು ನಿಂತೇ ಇದ್ದ. ಕೊನೆಗೆ ತೂತಿಲ್ಲದ ಟ್ಯೂಬ್ ಹುಡುಕಿ ಒಂದು ಪಟ್ಟಿ ಕೊಯ್ದು ಕೊಟ್ಟೆ. ಆಮೇಲೆ ಅವನು ಕೇಳದಿದ್ದರೂ ಇನ್ನೊಂದು ಕೊಯ್ದೆ, ಅಗಲವಾಗಿ.

“ಇದು ಗನ್ನಿಗಲ್ಲ. ಆ ಹುಡುಗನ ಸೊಂಟಕ್ಕೂ ಬಾಗಿಲಿಗೂ ಸೇರಿಸಿ ಕಟ್ಟು” ಎಂದೆ.

ಲಾಮ್ ಅದನ್ನು ಬೇರೆಯಾಗಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ನಿಮ್ಮಮ್ಮ ಬೆಂಕಿಪೊಟ್ಟಣ ಹಿಡಿದು ಪಕ್ಕದಲ್ಲೇ ಕೂತಿದ್ದಾಳೆ. ಒಲೆದೇವರು ಮನೆಯ ವರ್ಷದ ಸುದ್ದಿ ಒಪ್ಪಿಸಲು ಆಕಾಶಕ್ಕೆ ಹೋಗುವ ದಿನದವರೆಗೆ ಅವಳನ್ನು ತಡೆದಿಟ್ಟಿದ್ದೇನೆ. ಅದು ಈ ತಿಂಗಳ ಇಪ್ಪತ್ತಮೂರು; ಅಷ್ಟರೊಳಗೆ ನಿನ್ನ ಉತ್ತರ ಬರಬೇಕು.

ಅಪ್ಪ