ಗುಂಯ್ ಅನ್ನದ ಪಿಕಪ್ಪು

ಅಪ್ಪಾ,

ಇವತ್ತು ನಿನ್ನ ಬೇಸ್ ಗಿಟಾರನ್ನು ಹೆಗಲಿಗೇರಿಸಿಕೊಂಡು ಅಮ್ಮನ ಜೊತೆ ಗಿಟಾರು ಅಂಗಡಿಗೆ ರಿಪೇರಿಗೆ ಹೋಗಿದ್ದೆ. ನಿನ್ನದೇ ಮಾಡೆಲ್ಲು ಈಗ ಮೂರು ಥರದ ಪಿಕಪ್ ಹಾಕಿಕೊಂಡು ಬಂದಿದೆ. ತಂತಿ ಅದೇ, ಅದರ ಕೆಳಗೆ ಕೂತು ಸದ್ದು ಹಿಡಿಯೋ ಪಟ್ಟಿ ಬೇರೆ. ಒಂದರ ದನಿ ದಪ್ಪ, ಇನ್ನೊಂದರದು ಚುರುಕು. ನೀನಿದ್ದಿದ್ದರೆ ಮೂರನ್ನೂ ನುಡಿಸಿ, ಮೂರಕ್ಕೂ ಹೆಸರಿಟ್ಟು, ಅಂಗಡಿಯವನ ತಲೆ ತಿಂದು ಬರಿಗೈಲಿ ಬರುತ್ತಿದ್ದೆ.

ಮೂರನೆಯದನ್ನು ಅವನು ಆಂಪ್ ಸ್ಪೀಕರಿಗೆ ಸಿಕ್ಕಿಸಿದ. ತಂತಿ ಮುಟ್ಟದೇ ಇದ್ದರೂ ನಿನ್ನದರ ಹಾಗೆ ಗುಂಯ್ ಅನ್ನೋ ಸದ್ದೇ ಇಲ್ಲ. ಕೆಟ್ಟಿದೆಯೇನೋ ಅಂದುಕೊಂಡೆ.

"ಅದೇ ಇದರ ವಿಶೇಷ ಮೇಡಂ. ತಂತಿಯಿಂದ ಕೈ ತೆಗೆದರೂ ಗುಂಯ್ ಅನ್ನಲ್ಲ. ನಿಮ್ಮ ಹಳೇದಕ್ಕೂ ಇದನ್ನೇ ಕೂರಿಸಿಕೊಡ್ತೀನಿ."

ನಾನು ಹೂಂ ಅನ್ನೋದರಲ್ಲಿದ್ದೆ. ಅಷ್ಟರಲ್ಲಿ ಅಮ್ಮ ಕೇಳಿದಳು, "ಹಾಗಾದ್ರೆ ಇವರು ಬಂದು ಕೂತಿದ್ದು ಗೊತ್ತಾಗೋದು ಹೇಗೆ?"

ಅಂಗಡಿಯವನು ನನ್ನ ಮುಖ ನೋಡಿದ. ಅವನಿಗೇನು ಗೊತ್ತು? ನಮ್ಮ ಮನೆಯಲ್ಲಿ ಆ ಗುಂಯ್ ಕೇಳುತ್ತಿದ್ದರೆ, ನೀನು ಗಿಟಾರು ಅಲ್ಲೇ ಬಿಟ್ಟು ಯಾರ ಜೊತೆಗೋ ಹರಟೆಗೆ ನಿಂತಿದ್ದೀಯ ಅಂತ ಅರ್ಥ. ಸದ್ದು ನಿಂತರೆ ತಂತಿ ಮೇಲೆ ನಿನ್ನ ಕೈ ಬಿತ್ತು ಅಂತ. ಅಮ್ಮ ಚಹಾಕ್ಕೆ ನೀರಿಡುತ್ತಿದ್ದದ್ದು ಆಮೇಲೇ.

ಗಿಟಾರಿಗೆ ಹಳೇ ಪಿಕಪ್ಪನ್ನೇ ಉಳಿಸಿಕೊಂಡು ವಾಪಸ್ ಬಂದೆವು. ಬಂದವಳೇ ಅಮ್ಮ ನಿನ್ನ ಕುರ್ಚಿಯಲ್ಲಿ ಕೂತು, ಗಿಟಾರು ತೊಡೆ ಮೇಲಿಟ್ಟುಕೊಂಡು, ನನ್ನ ಕೈಲಿ ಆಂಪ್ ಹಾಕಿಸಿದಳು. ಗುಂಯ್ ಅಂತು. ತಂತಿಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟಳು. ಸುಮ್ಮನಾಯಿತು.

ಚಹಾ ನಾನೇ ಮಾಡಿಕೊಟ್ಟೆ ಅಪ್ಪ. ಅದು ಆರಿ ತಣ್ಣಗಾಗಿದೆ. ಅಮ್ಮ ಇನ್ನೂ ಕೈ ತೆಗೆದಿಲ್ಲ.