ಎಡಗೈ ತಗ್ಗಿದ ಕುರ್ಚಿ

ಫೋಬೋರ್,
೧೪ ಅಕ್ಟೋಬರ್ ೧೯೫೬

ಪ್ರೀತಿಯ ಹೋಲ್ಗರ್ ಅಣ್ಣಾ,

ಆರೋಗ್ಯ ಹೇಗಿದೆ? ಪ್ರದರ್ಶನದ ದಿನದಿಂದ ನಿನಗೆ ಊಟ ಸೇರುತ್ತಿಲ್ಲವೆಂದು ಅತ್ತಿಗೆ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಚೆನ್ನಾಗಿ ಊಟ ಸೇರಿತು. ಎರಡು ತುಂಡು ರೈ ಬ್ರೆಡ್ಡು, ಮೇಲೆ ಹೆರಿಂಗ್ ಮೀನು.

ಅಪ್ಪನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನವೇ ನೀನು ಅಮ್ಮನ ಕುರ್ಚಿಯನ್ನು ಎತ್ತಿಕೊಂಡು ಹೊರಟೆ. "ಅಪ್ಪನ ನೆನಪಿಗೆ ಇರಲಿ ಕಣೇ" ಎಂದೆ. ನಾನು ಬಾಗಿಲು ತೆರೆದು ಹಿಡಿದೆ, ಪೆದ್ದಿ. ಆ ಓಕ್ ಮರವನ್ನು ಅಪ್ಪ ಒಂಬತ್ತು ವರ್ಷ ಒಣಗಿಸಿದ್ದ. ಒಂದು ಮೊಳೆ ಬಡಿಯಲಿಲ್ಲ. ಕಾಲು ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಗುತ್ತದೆಂದು ಬೆರಳಾಡಿಸಿದರೂ ಗೊತ್ತಾಗುತ್ತಿರಲಿಲ್ಲ. ಕಾಗದ ಹೊಸೆದು ಮಾಡಿದ ಹುರಿಯಿಂದ ಆಸನ ಹೆಣೆದವಳು ನಾನು. ಬೆರಳ ಸಂದಿ ಕಿತ್ತು ರಕ್ತ ಬಂದಿತ್ತು. ಎಂಟು ತಿಂಗಳಾದ ಮೇಲೆ ಪತ್ರಿಕೆಯಲ್ಲಿ ಅದೇ ಕುರ್ಚಿಯ ಚಿತ್ರ, ಕೆಳಗೆ ನಿನ್ನ ಹೆಸರು.

ರೈಲು, ಹಡಗು, ಮತ್ತೆ ರೈಲು ಹಿಡಿದು ಕೋಪನ್‌ಹೇಗನ್ನಿನ ಪ್ರದರ್ಶನಕ್ಕೆ ಬಂದೆ. ಮೊದಲೇ ನಿನ್ನನ್ನು ಪಕ್ಕಕ್ಕೆ ಕರೆದು ಮಾತಾಡಬಹುದಿತ್ತು. ಬೇಕೆಂದೇ ಕರೆಯಲಿಲ್ಲ. ಅಮ್ಮನ ಕುರ್ಚಿಯನ್ನೇ ನೋಡಿ ನೀನು ಮಾಡಿಸಿದ ಆರು ಕುರ್ಚಿಗಳು ಸಾಲಾಗಿದ್ದವು. ಕಂಬದ ಹಿಂದೆ ನಿಂತು ನೀನು ಮಾತು ಮುಗಿಸುವವರೆಗೆ ಕಾದೆ. "ಹಾರೋ ಹಕ್ಕಿ ರೆಕ್ಕೆ ನೋಡ್ದಾಗ ಈ ಆಕಾರ ಹೊಳೀತು" ಎನ್ನುತ್ತಿದ್ದೆ ನೀನು. ಆ ಮುದುಕ ತೀರ್ಪುಗಾರ ಕೂತು ನೋಡಿ, "ಅಲ್ಲಪ್ಪಾ, ಕುರ್ಚಿಯ ಎಡಗೈ ಒಂದು ಬೆರಳಷ್ಟು ತಗ್ಗಿದೆಯಲ್ಲ, ಯಾಕೆ?" ಎಂದು ಕೇಳಿದಾಗ ನೀನು ಆರೂ ಕುರ್ಚಿಗಳನ್ನು ತಿರುತಿರುಗಿ ನೋಡಿದೆ. ಅಲ್ಲಿಯವರೆಗೆ ಅದು ನಿನ್ನ ಕಣ್ಣಿಗೇ ಬಿದ್ದಿರಲಿಲ್ಲ! "ಹಕ್ಕಿ ತಿರುಗೋವಾಗ ಒಂದು ರೆಕ್ಕೆ ಬಾಗುತ್ತಲ್ಲ, ಹಾಗೆ" ಎಂದೆ ನೀನು.

ಆಗ ನಾನು ಮುಂದೆ ಬಂದೆ. "ಹಕ್ಕಿಯೂ ಇಲ್ಲ, ರೆಕ್ಕೆಯೂ ಇಲ್ಲ ಯಜಮಾನ್ರೇ. ಅದು ನಮ್ಮಮ್ಮನ ಭುಜ. ಮಂಜುಗಡ್ಡೆ ಮೇಲೆ ಜಾರಿ ಮುರೀತು, ಆಮೇಲೆ ಎಡಗೈ ಮೇಲೇಳ್ಲಿಲ್ಲ. ಅವಳಿಗೋಸ್ಕರ ನಮ್ಮಪ್ಪ ಇವಾಲ್ಡ್ ಮಾಡಿದ ಕುರ್ಚಿ ಇದು. ಇವನು ಕದ್ದ." ಮುದುಕ ಕಣ್ಣುಮುಚ್ಚಿ, ಎಡಭುಜ ಇಳಿಸಿ, ತೋಳನ್ನು ಮೆಲ್ಲಗೆ ಕುರ್ಚಿಯ ತಗ್ಗಿದ ಕೈ ಮೇಲಿಟ್ಟ. "ಈಗ ಸರಿಯಾಗಿ ಕೂತೆ ನೋಡಮ್ಮ" ಎಂದ. ಯಾರೋ ನಕ್ಕರು. ನಿನ್ನ ಕಿವಿ ಕೆಂಪಾದದ್ದನ್ನು ನಾನು ಹಡಗಿನ ದಾರಿಯುದ್ದಕ್ಕೂ ನೆನೆಸಿಕೊಂಡು ಬಂದೆ. ಪಾಪವೆನಿಸಬೇಕಿತ್ತು. ಅನಿಸಲಿಲ್ಲ.

ಅಮ್ಮ ಹೇಗೂ ಕ್ಷಮಿಸುತ್ತಾಳೆಂದು ನೀನು ನಂಬಿರುತ್ತೀಯ, ಚಿಕ್ಕಂದಿನಿಂದ ಅದೇ ಅಭ್ಯಾಸ. ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ, ಒಂದಕ್ಷರ ಬಿಡದೆ. ಅತ್ತಿಗೆಗೂ ಮಕ್ಕಳಿಗೂ ನನ್ನ ಪ್ರೀತಿ. ನಿನಗೆ ಈ ಸಲ ಏನೂ ಇಲ್ಲ.

ಇಂತಿ ನಿನ್ನ ತಂಗಿ,
ತೂರಾ

ಮರೆತಿದ್ದೆ: ಅಪ್ಪನ ಮರಗೆಲಸದ ಅಂಗಡಿಯ ಬಾಗಿಲ ಮೇಲೆ "ಇವಾಲ್ಡ್ ಮತ್ತು ಮಗ" ಎಂದಿತ್ತಲ್ಲ, ಇವತ್ತು ಬೆಳಿಗ್ಗೆ ನಾನು "ಮಗ" ಕೆರೆದು "ಮಗಳು" ಎಂದು ಬರೆದೆ. ಕೆಳಗೆ ಏಣಿ ಹಿಡಿದು ನಿಂತವಳು ಅಮ್ಮ. "ಅಕ್ಷರ ದಪ್ಪಗಿರಲಿ ಕಣೇ, ರಸ್ತೆಗೆ ಕಾಣ್ಬೇಕು" ಎಂದಳು.